ಕೈ ಎಲ್ಲಿಡಬೇಕು ಸಾರ್?

ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂದು ಕೇಳುವ ಪತ್ರಗಳು ಈ ಸಲ ಕಡಿಮೆ. ಮಾತಾಡುತ್ತ ನಗುತ್ತ ಇದ್ದ ಮನುಷ್ಯ ಕ್ಯಾಮೆರಾ ಎತ್ತಿದ ತಕ್ಷಣ ಮರದ ಬೊಂಬೆಯಾಗುತ್ತಾನಲ್ಲ, ಅದಕ್ಕೇನು ಮಾಡುವುದು ಎಂಬ ಪತ್ರಗಳೇ ಹೆಚ್ಚು. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಆರು ತಿಂಗಳಿಂದ ಭಾವಚಿತ್ರ ತೆಗೆಯುತ್ತಿದ್ದೇನೆ. ಬೆಳಕು, ಫೋಕಸ್ ಒಂದು ಹದಕ್ಕೆ ಬಂದಿದೆ. ಆದರೆ ಎದುರು ನಿಂತವರು ಮೊದಲು ಕೇಳುವುದೇ ‘ಕೈ ಎಲ್ಲಿಡಬೇಕು ಸಾರ್?’ ಅಂತ. ಜೇಬಿಗೆ ಹಾಕಿ ಅಂದರೆ ಮಣಿಕಟ್ಟಿಗೆ ಕತ್ತರಿಸಿದ ಹಾಗಿರುತ್ತದೆ, ಬಿಟ್ಟರೆ ಜೋತು ಬೀಳುತ್ತದೆ. — ತುಮಕೂರಿನ ಓದುಗರು

ಉತ್ತರ: ಕೈಗೆ ಜಾಗ ತೋರಿಸಬೇಡಿ, ಕೆಲಸ ಕೊಡಿ. ‘ಕೈಯನ್ನು ಸೊಂಟದ ಮೇಲಿಡಿ’ ಅಂದರೆ ಅವರ ಗಮನವೆಲ್ಲ ಕೈಗೆ ಹೋಗಿ ಬೆರಳು ಬಿಗಿಯುತ್ತದೆ. ‘ವಾಚಿನ ಪಟ್ಟಿ ಸ್ವಲ್ಪ ಸಡಿಲ ಮಾಡಿಕೊಳ್ಳಿ’, ‘ಶರ್ಟಿನ ತೋಳು ಎರಡು ಮಡಿಕೆ ಮೇಲೆ ಏರಿಸಿ’, ‘ಸೆರಗಿನ ತುದಿ ಮುಂದಕ್ಕೆ ತಂದುಕೊಳ್ಳಿ’, ‘ಪಂಚೆಯ ಚುಂಗು ಹಿಡಿದು ಎರಡು ಹೆಜ್ಜೆ ಹಾಕಿ’ ಅನ್ನಿ. ಇವೆಲ್ಲ ದಿನಾ ಮಾಡುವ ಕೆಲಸ. ದೇಹಕ್ಕೆ ಬಾಯಿಪಾಠವಾಗಿರುವುದರಿಂದ ಯೋಚಿಸದೆ ಮಾಡುತ್ತದೆ.

ಕ್ಲಿಕ್ಕಿಸುವ ಗಳಿಗೆ ಮಾತ್ರ ಬೇರೆ. ಕೆಲಸ ನಡೆಯುತ್ತಿರುವಾಗಿನ ಚಿತ್ರ ಸಾಮಾನ್ಯವಾಗಿ ಗಡಿಬಿಡಿಯದು. ಕೆಲಸ ಮುಗಿಯುವ ಹೊತ್ತಿನದು ಚೆಂದ. ಜುಮುಕಿಯನ್ನೇ ತೆಗೆದುಕೊಳ್ಳಿ. ದೇಹ ಓರೆಯಾಗಿ ನಿಂತಿದೆ, ‘ಜುಮುಕಿ ಸರಿ ಮಾಡಿಕೊಳ್ಳಿ’ ಅಂದಿರಿ. ಕ್ಯಾಮೆರಾಗೆ ಹತ್ತಿರವಿರುವ ಕೈ ಎತ್ತಿದರೆ ಮೊಣಕೈ ನೇರ ಲೆನ್ಸಿಗೆ ಗುರಿಯಿಟ್ಟಂತಾಗಿ ಮುಂದೋಳು ಮೊಂಡಾಗುತ್ತದೆ, ಅರ್ಧ ಕೆನ್ನೆಯೂ ಮುಚ್ಚುತ್ತದೆ. ಆದ್ದರಿಂದ ಆಚೆ ಬದಿಯ ಕಿವಿ, ಆಚೆ ಬದಿಯ ಕೈ. ಹೆಬ್ಬೆರಳು, ತೋರುಬೆರಳು ಜುಮುಕಿಯನ್ನು ಹಿಡಿದಿರುತ್ತವೆ, ಉಳಿದ ಮೂರು ತಾವಾಗಿಯೇ ಸಡಿಲವಾಗಿ ತೆರೆದುಕೊಳ್ಳುತ್ತವೆ. ಆಯಿತು ಅನ್ನಿಸಿದಾಗ ಕೈ ದವಡೆಯ ಪಕ್ಕದಿಂದ ಕತ್ತಿನವರೆಗೆ ಇಳಿಯುತ್ತದೆ, ಅದರೊಂದಿಗೆ ನೋಟವೂ ಅರೆ ಕ್ಷಣ ಇಳಿಯುತ್ತದೆ. ನಿಮ್ಮ ಚಿತ್ರ ಆ ಅರೆ ಕ್ಷಣದಲ್ಲಿದೆ. ಕೈ ಹೋದಲ್ಲಿ ಕಣ್ಣು ಎಂದು ನೃತ್ಯ ಕಲಿಸುವವರು ಹೇಳುವುದು ಇಲ್ಲಿಯೂ ನಿಜ. ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, 1/250 ಸೆಕೆಂಡಿಗಿಂತ ನಿಧಾನವಾಗಿದ್ದರೆ ಬೆರಳು ಅಲುಗಿಹೋಗುತ್ತದೆ.

ಅಂಗೈಯ ಬುಡದಿಂದ ಬೆರಳ ತುದಿಯವರೆಗಿನ ಅಳತೆ, ಹೆಚ್ಚು ಕಡಿಮೆ ಗದ್ದದಿಂದ ಹಣೆಯ ಕೂದಲಂಚಿನವರೆಗಿನ ಅಳತೆ. ಅಂದರೆ ಕೈಯ ಹಿಂಭಾಗವನ್ನು ಪೂರ್ತಿ ಕ್ಯಾಮೆರಾಗೆ ತೋರಿಸಿದರೆ ಚಿತ್ರದಲ್ಲಿ ಇನ್ನೊಂದು ಮುಖ ಬಂದು ಕೂತಂತೆ. ಕಿರುಬೆರಳಿನ ಅಂಚು ಲೆನ್ಸಿನ ಕಡೆಗಿರಲಿ, ಕೈ ಅರ್ಧಕ್ಕರ್ಧ ತೆಳುವಾಗುತ್ತದೆ. ಬೆರಳು ಬಿಗಿದಿದ್ದರೆ ‘ಸಡಿಲ ಬಿಡಿ’ ಅಂದು ಪ್ರಯೋಜನವಿಲ್ಲ. ಮುಷ್ಟಿಯನ್ನು ಗಟ್ಟಿಯಾಗಿ ಹಿಡಿದು ಐದು ಎಣಿಸಿ ಒಮ್ಮೆಲೇ ಬಿಡಲು ಹೇಳಿ. ಹಾಗೆ ಬಿಟ್ಟ ಕೈಯಲ್ಲಿ ತೋರುಬೆರಳು ಕಡಿಮೆ ಬಾಗಿ, ಕಿರುಬೆರಳು ಹೆಚ್ಚು ಬಾಗಿ, ನಾಲ್ಕೂ ಮೆಟ್ಟಿಲಿನಂತೆ ನಿಲ್ಲುತ್ತವೆ. ಕೆನ್ನೆಗೋ ಗದ್ದಕ್ಕೋ ಕೈ ಕೊಡುವಾಗ ತಾಕಬೇಕು, ಭಾರ ಬಿಡಬಾರದು. ಭಾರ ಬಿದ್ದರೆ ಚರ್ಮ ಸುಕ್ಕಾಗಿ ಒಂದು ಕಣ್ಣು ಸಣ್ಣದಾಗುತ್ತದೆ.

ಜೇಬಿನ ಸಮಸ್ಯೆ ಸುಲಭ. ನಾಲ್ಕು ಬೆರಳು ಒಳಗೆ, ಹೆಬ್ಬೆರಳು ಹೊರಗೆ. ಇಲ್ಲವೇ ಹೆಬ್ಬೆರಳು ಮಾತ್ರ ಒಳಗೆ. ಮೊಣಕೈ ಒಂದಿಷ್ಟು ಹಿಂದಕ್ಕೆ ಹೋಗಿ ತೋಳಿಗೂ ಸೊಂಟಕ್ಕೂ ನಡುವೆ ಬೆಳಕು ತೂರುವಷ್ಟು ಸಂದು ಇರಲಿ. ಆ ಸಂದು ಮುಚ್ಚಿದರೆ ತೋಳಿನ ಅಗಲವೂ ಹೊಟ್ಟೆಯ ಲೆಕ್ಕಕ್ಕೆ ಸೇರುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ಇನ್ನೂರು ಪೋಸುಗಳ ಚಾರ್ಟ್ ಇಟ್ಟುಕೊಂಡಿದ್ದೇನೆ. ತೋರಿಸಿದರೆ ಜನ ಹಾಗೇ ನಿಲ್ಲುತ್ತಾರೆ, ಆದರೂ ಎಲ್ಲೋ ನಾಟಕೀಯ. ಹೇಳಿಕೊಡುವುದಕ್ಕೆ ಒಂದು ಕ್ರಮ ಅಂತ ಇದೆಯೇ? — ಸಾಗರದ ಓದುಗರು

ಉತ್ತರ: ಇದೆ: ಪಾದದಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಪಾದ, ಮಂಡಿ, ಸೊಂಟ, ಭುಜ, ಕೈ, ಕತ್ತು, ಕಣ್ಣು, ಕೊನೆಗೆ ಮುಖಭಾವ. ಬಹಳ ಮಂದಿ ತಿರುವುಮುರುವು ಮಾಡುತ್ತಾರೆ. ಮೊದಲು ನಗಿಸಿ, ಆಮೇಲೆ ‘ಸ್ವಲ್ಪ ಕಾಲು ಆಚೆ, ಕೈ ಈಚೆ’ ಅನ್ನುತ್ತ ಹೋಗುವಷ್ಟರಲ್ಲಿ ಆ ನಗು ಹಳಸಿರುತ್ತದೆ. ಪಾದ ಹತ್ತು ನಿಮಿಷ ಇಟ್ಟಲ್ಲೇ ಇರುತ್ತದೆ, ನಗು ಒಂದು ಗಳಿಗೆ.

ಚಾರ್ಟು ಸೋಲುವುದು ಏಕೆಂದರೆ ಅದು ಹೊರಗಿನ ಗೆರೆಯನ್ನು ತೋರಿಸುತ್ತದೆ, ಭಾರ ಯಾವ ಕಾಲಿನ ಮೇಲಿದೆ ಎಂದು ತೋರಿಸುವುದಿಲ್ಲ. ನೋಡಿಕೊಂಡು ನಿಂತವರು ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ, ಸೊಂಟವನ್ನು ಮಾತ್ರ ಬಲವಂತವಾಗಿ ಓರೆ ಮಾಡುತ್ತಾರೆ. ನಾಟಕೀಯ ಅನ್ನಿಸುವುದು ಅಲ್ಲಿ.

ಇದನ್ನು ಕಲಿಯಲು ಚಾರ್ಟಿಗಿಂತ ಒಳ್ಳೆಯ ಜಾಗ ನಮ್ಮಲ್ಲೇ ಇದೆ. ನಮ್ಮ ಶಿಲ್ಪಶಾಸ್ತ್ರ ನಿಲುವುಗಳಿಗೆ ಹೆಸರಿಟ್ಟಿದೆ. ಎರಡೂ ಕಾಲಿನ ಮೇಲೆ ಸಮಭಾರವಾದರೆ ಸಮಭಂಗ, ಒಂದು ಕಾಲಿಗೆ ಭಾರ ಸರಿದು ಸಣ್ಣ ಓರೆ ಬಂದರೆ ಆಭಂಗ, ಮಂಡಿ ಸೊಂಟ ಕತ್ತು ಮೂರೂ ಕಡೆ ಬಳುಕಿದರೆ ತ್ರಿಭಂಗ. ಶ್ರವಣಬೆಳಗೊಳದ ಗೊಮ್ಮಟ ನಿಂತಿರುವುದು ನೇರವಾಗಿ, ಕೈಗಳನ್ನು ಇಳಿಬಿಟ್ಟು. ಅವನಿಗೆ ಅದು ತಪಸ್ಸು. ನಿಮ್ಮ ಗಿರಾಕಿ ಹಾಗೆ ನಿಂತರೆ ಪಾಸ್‌ಪೋರ್ಟ್ ಫೋಟೊ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಗೆ ಹೋದರೆ, ಹೊರಗೋಡೆಯ ಮೇಲ್ಭಾಗದ ಮದನಿಕೆಯರನ್ನು ಬೇರೆ ಕಣ್ಣಿನಿಂದ ನೋಡಿ. ಕನ್ನಡಿ ಹಿಡಿದ ದರ್ಪಣ ಸುಂದರಿಯ ಮುಂದೆ ನಿಂತು ಭಾರ ಯಾವ ಕಾಲಿನ ಮೇಲಿದೆ ಎಂದು ಮೊದಲು ಹುಡುಕಿ. ಆ ಕಾಲಿನ ಕಡೆ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಇಳಿಯುತ್ತದೆ, ಕತ್ತು ಲೆಕ್ಕ ಸರಿದೂಗಿಸುತ್ತದೆ. ಭಾರ ಹಾಕಿದ್ದು ಒಂದು ಕಡೆ, ಉಳಿದದ್ದು ಅದರ ಹಿಂದೆ ತಾನಾಗಿ ಬಂದದ್ದು. ಗಮನಿಸಿ, ಅವರ ಕೈಗಳಿಗೂ ಕನ್ನಡಿ, ವಾದ್ಯ ಅಂತ ಏನಾದರೊಂದು ಕೆಲಸ ಇದ್ದೇ ಇದೆ.

ಹೇಳುವ ಮಾತು ಇಷ್ಟು: ‘ಪಾದ ಆ ಕಿಟಕಿಯ ಕಡೆ ತಿರುಗಲಿ’ (ಕ್ಯಾಮೆರಾದಿಂದ ಸುಮಾರು 45 ಡಿಗ್ರಿ). ‘ಭಾರವೆಲ್ಲ ಹಿಂದಿನ ಕಾಲಿಗೆ ಬಿಡಿ, ಬಸ್ಸಿಗೆ ಕಾಯ್ತಾ ನಿಂತ ಹಾಗೆ.’ ಮುಂದಿನ ಮಂಡಿ ತಾನೇ ಸಡಿಲವಾಗುತ್ತದೆ. ‘ಈಗ ಎದೆ ಮಾತ್ರ ನನ್ನ ಕಡೆ ಸ್ವಲ್ಪ ತಿರುಗಲಿ.’ ಆಮೇಲೆ ಕೈಗೆ ಕೆಲಸ. ಗಂಡಸರಿಗೆ, ಸೂಟು ಹಾಕಿದವರಿಗೆ ಆಭಂಗದಲ್ಲೇ ನಿಲ್ಲಿಸಿ. ಸೀರೆ, ಲಂಗದಾವಣಿಗೆ ತ್ರಿಭಂಗದವರೆಗೆ ಹೋಗಬಹುದು. ಒಂದು ಸಲಕ್ಕೆ ಒಂದೇ ಮಾತು. ಎಡ ಬಲ ಅನ್ನುವುದಕ್ಕಿಂತ ಎದುರು ನಿಂತು, ಕನ್ನಡಿಯಲ್ಲಿ ಕಂಡಂತೆ ನೀವೇ ಮಾಡಿ ತೋರಿಸಿ.

ಮುಖ ತಿರುಗಿಸುವಾಗ ಮೂಗಿನ ತುದಿ ಆಚೆ ಕೆನ್ನೆಯ ಗೆರೆ ದಾಟದಿರಲಿ. ದಾಟಿದರೆ ಕೆನ್ನೆ ಹರಿದಂತೆ, ಮೂಗು ಉದ್ದವಾದಂತೆ ಕಾಣುತ್ತದೆ. ಒಂದೋ ಈಚೆ ನಿಲ್ಲಿಸಿ, ಇಲ್ಲ ಪೂರ್ತಿ ಪಕ್ಕನೋಟಕ್ಕೆ ಹೋಗಿ. ಕಣ್ಣು ಮೂಗಿನ ದಿಕ್ಕಿನಲ್ಲೇ ನೋಡಲಿ. ಮುಖ ಒಂದು ಕಡೆ, ನೋಟ ಇನ್ನೊಂದು ಕಡೆಯಾದರೆ ಬಿಳಿ ಗುಡ್ಡೆಯೇ ಕಾಣುತ್ತದೆ.

ಪ್ರಶ್ನೆ: ಫೋಟೊದಲ್ಲಿ ನನಗೆ ಎರಡು ಗದ್ದ ಬರುತ್ತದೆ. ತಲೆ ಎತ್ತಿ ಎನ್ನುತ್ತಾರೆ, ಎತ್ತಿದರೆ ಮೂಗಿನ ಹೊಳ್ಳೆ ಕಾಣುತ್ತದೆ. ಏನು ಮಾಡಲಿ? — ಓದುಗಿ, ದಾವಣಗೆರೆ

ಉತ್ತರ: ತಲೆ ಎತ್ತುವುದೂ ಬೇಡ, ತಗ್ಗಿಸುವುದೂ ಬೇಡ, ಮುಂದಕ್ಕೆ ತನ್ನಿ. ಆಮೆ ಚಿಪ್ಪಿನಿಂದ ಕತ್ತು ಚಾಚುವ ಹಾಗೆ ಹಣೆಯನ್ನು ಕ್ಯಾಮೆರಾದ ಕಡೆ ಒಂದೆರಡು ಅಂಗುಲ ತಂದು, ಆಮೇಲೆ ಗದ್ದವನ್ನು ಕೂದಲೆಳೆಯಷ್ಟು ಇಳಿಸಿ. ದವಡೆಯ ಕೆಳಗಿನ ಚರ್ಮ ಬಿಗಿಯಾಗಿ ನೆರಳು ಬೀಳುತ್ತದೆ, ಗೆರೆ ಮೂಡುತ್ತದೆ. ಪಕ್ಕದಿಂದ ನೋಡಿದವರಿಗೆ ನಗು ಬರಬಹುದು, ಎದುರಿನಿಂದ ಗೊತ್ತೇ ಆಗುವುದಿಲ್ಲ. ಫೋಟೊ ಅಂದ ತಕ್ಷಣ ಜನ ಬೆನ್ನು ನೆಟ್ಟಗೆ ಮಾಡಿ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ತೆಳ್ಳಗಿರುವವರಿಗೂ ಆಗ ಎರಡನೇ ಗದ್ದ ಬರುತ್ತದೆ. ಕ್ಯಾಮೆರಾ ನಿಮ್ಮ ಕಣ್ಣಿನ ಮಟ್ಟದಲ್ಲಿ ಅಥವಾ ಎರಡು ಬೆರಳು ಮೇಲಿರಲಿ. ಪಕ್ಕನೋಟದಲ್ಲಿ ಈ ಉಪಾಯ ಮಾಡಬೇಡಿ, ಕೊಕ್ಕರೆಯಂತಾಗುತ್ತದೆ.

ಪ್ರಶ್ನೆ: ‘ಸ್ಮೈಲ್ ಪ್ಲೀಸ್’ ಅಂದರೆ ಹಲ್ಲು ಕಾಣುತ್ತದೆ, ನಗು ಕಾಣುವುದಿಲ್ಲ. — ಗದಗದ ಓದುಗರು

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ತುಟಿಯ ಕೊನೆಯನ್ನು ಮೇಲೆಳೆಯುವ ಸ್ನಾಯು ಹೇಳಿದ ಮಾತು ಕೇಳುತ್ತದೆ. ಕಣ್ಣಿನ ಸುತ್ತಲಿನ ಸ್ನಾಯು ಅಷ್ಟು ಸುಲಭಕ್ಕೆ ಕೇಳುವುದಿಲ್ಲ, ನಿಜವಾಗಿ ಖುಷಿಯಾದಾಗ ತಾನಾಗಿ ಬಿಗಿಯುತ್ತದೆ. ಫ್ರಾನ್ಸಿನ ವೈದ್ಯ ಡುಷೆನ್ 1862ರಲ್ಲೇ ಇದನ್ನು ಫೋಟೊ ಸಮೇತ ಪ್ರಕಟಿಸಿದ. ಹಾಗಾಗಿ ತೆರೆಯ ಮೇಲೆ ಹಿಗ್ಗಿಸಿ ನೋಡುವಾಗ ಬಾಯಿ ಬಿಡಿ, ಕೆಳರೆಪ್ಪೆ ನೋಡಿ. ಅಲ್ಲಿ ಸಣ್ಣ ಉಬ್ಬು, ಕಣ್ಣಂಚಿನಲ್ಲಿ ಸುಕ್ಕು ಬಂದಿದ್ದರೆ ಆ ಚಿತ್ರ ಇಟ್ಟುಕೊಳ್ಳಿ. ಎಡಿಟಿಂಗಿನಲ್ಲಿ ಆ ಸುಕ್ಕನ್ನೇ ಒರೆಸಿಬಿಡುವವರು ಇದ್ದಾರೆ, ಅಂಥವರಿಗೆ ಹೇಳುವುದೇನೂ ಇಲ್ಲ.

‘ಚೀಸ್’ ಅನ್ನಿಸಿದರೆ ‘ಈ’ ಎಂಬ ಸ್ವರ ತುಟಿಯನ್ನು ಅಡ್ಡಕ್ಕೆ ಎಳೆಯುತ್ತದೆ, ಮೇಲಕ್ಕೆ ಅಲ್ಲ. ಅದರ ಬದಲು ಕಣ್ಣು ಮುಚ್ಚಿಸಿ, ಮೂಗಿನಿಂದ ದೀರ್ಘ ಉಸಿರು ಎಳೆದು ತುಟಿ ಸಡಿಲ ಬಿಟ್ಟು ಬಾಯಿಂದ ‘ಬುರ್ರ್’ ಎಂದು ಬಿಡಲು ಹೇಳಿ, ಕುದುರೆಯ ಹಾಗೆ. ಮಾಡಿದ ಮೇಲೆ ತಮ್ಮ ಬಗ್ಗೆ ತಮಗೇ ನಗು ಬರುತ್ತದೆ. ‘ಸುಳ್ಳು ಸುಳ್ಳೇ ಜೋರಾಗಿ ನಕ್ಕುಬಿಡಿ’ ಅನ್ನುವುದೂ ಕೆಲಸ ಮಾಡುತ್ತದೆ. ಮೊದಲ ಸುಳ್ಳು ನಗೆಯನ್ನು ತೆಗೆಯಬೇಡಿ, ಅದು ಮುಗಿದು ಒಂದೆರಡು ಸೆಕೆಂಡಿಗೆ ಬಾಯಿ ಮುಚ್ಚಿಕೊಳ್ಳುತ್ತ ಉಳಿಯುವ ನಗೆಯನ್ನು ತೆಗೆಯಿರಿ. ಇನ್ನೊಂದು: ‘ಆಯ್ತು, ಥ್ಯಾಂಕ್ಸ್’ ಎಂದು ಹೇಳಿ ಕ್ಯಾಮೆರಾ ಇಳಿಸದೆ ಮತ್ತೆ ಮೂರು ಕ್ಲಿಕ್. ಭುಜ ಇಳಿದಿರುತ್ತದೆ.

ನಗು ಬರಲೇಬೇಕು ಎಂದೂ ಇಲ್ಲ. 1941ರ ಡಿಸೆಂಬರ್ 30ರಂದು ಕೆನಡಾದ ರಾಜಧಾನಿ ಒಟ್ಟಾವಾದ ಸಂಸತ್ ಭವನದಲ್ಲಿ ಫೋಟೊಗ್ರಾಫರ್ ಯೂಸುಫ್ ಕಾರ್ಶ್, ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರ ಬಾಯಿಂದ ಚುಟ್ಟಾ ಕಿತ್ತುಕೊಂಡು ಮರುಗಳಿಗೆಯ ಆ ಸಿಡುಕು ಮುಖವನ್ನು ತೆಗೆದ. ಲೋಕಪ್ರಸಿದ್ಧವಾದದ್ದು ಅದೇ ಚಿತ್ರ. ಮಾವನವರ ಮೇಲೆ ಪ್ರಯೋಗಿಸಲು ಹೋಗಬೇಡಿ.

ಪ್ರಶ್ನೆ: ನಿಶ್ಚಿತಾರ್ಥವಾಗಿ ಮೂರೇ ವಾರ ಆದ ಜೋಡಿಯ ಪ್ರಿ-ವೆಡ್ಡಿಂಗ್ ಶೂಟ್. ಹುಡುಗ, ಹುಡುಗಿ ಇಬ್ಬರಿಗೂ ನಾಚಿಕೆ. ಜೊತೆಗೆ ಹುಡುಗಿಯ ತಮ್ಮ ಬೇರೆ ಬರುತ್ತಾನಂತೆ. ತಬ್ಬಿಕೊಳ್ಳಿ ಅನ್ನಲು ನನಗೇ ಮುಜುಗರ. — ಹುಬ್ಬಳ್ಳಿಯ ಓದುಗರು

ಉತ್ತರ: ತಮ್ಮನಿಂದ ಶುರು ಮಾಡೋಣ. ಅವನ ಕೈಗೆ ರಿಫ್ಲೆಕ್ಟರ್ (ಮುಖದ ಮೇಲೆ ಬೆಳಕು ತಿರುಗಿಸುವ ಹಲಗೆ) ಕೊಡಿ. ಸುಮ್ಮನೆ ನಿಂತು ನೋಡುವವನಿದ್ದರೆ ಜೋಡಿ ಕುಗ್ಗುತ್ತದೆ, ಕೆಲಸಗಾರನಾದರೆ ಅವನೂ ನಿಮ್ಮ ಕಡೆಯವನು.

ತಬ್ಬಿಸಬೇಡಿ. ಮೊದಲ ಇಪ್ಪತ್ತು ನಿಮಿಷ ಮುಟ್ಟುವ ಮಾತೇ ಬೇಡ, ನಡೆಸಿ. ನಿಮ್ಮಿಂದ ಹದಿನೈದು ಇಪ್ಪತ್ತು ಮೀಟರ್ ದೂರದಿಂದ ಅವರು ನಿಮ್ಮ ಕಡೆ ಬರಲಿ, ಎಂದಿನ ನಡಿಗೆಯ ಅರ್ಧ ವೇಗದಲ್ಲಿ, ಸಣ್ಣ ಹೆಜ್ಜೆಯಲ್ಲಿ. ಕ್ಯಾಮೆರಾ ನೋಡಬಾರದು. ಮೂರು ಹೆಜ್ಜೆ ನೆಲ, ನಾಲ್ಕನೆಯದಕ್ಕೆ ಒಬ್ಬರನ್ನೊಬ್ಬರು ನೋಡಬೇಕು. ಹೆಜ್ಜೆ ಎಣಿಸುವ ಭರದಲ್ಲಿ ಯಾರಾದರೊಬ್ಬರು ತಪ್ಪುತ್ತಾರೆ, ಇಬ್ಬರೂ ನಗುತ್ತಾರೆ, ಅಷ್ಟೇ ಬೇಕಾದದ್ದು. ಮೊದಲ ಸುತ್ತನ್ನು ‘ಇದು ಟ್ರಯಲ್’ ಎಂದು ಹೇಳಿಯೂ ಕ್ಲಿಕ್ಕಿಸಿ. 85 ಮಿ.ಮೀ. ಅಥವಾ 70–200 ಲೆನ್ಸ್, ಶಟರ್ 1/500, ಅಪರ್ಚರ್ (ಲೆನ್ಸಿನ ಕಂಡಿ; ಅಂಕಿ ಸಣ್ಣದಾದಷ್ಟೂ ಹಿಂದುಮುಂದಿನದು ಮಬ್ಬು) ಎಫ್/2.8ರಿಂದ 4, ಫೋಕಸ್ ನಿರಂತರ ಹಿಂಬಾಲಿಸುವ ಮೋಡಿನಲ್ಲಿ. ಇಬ್ಬರ ಭುಜದ ನಡುವೆ ಒಂದು ಅಡಿ ಅಂತರ ಉಳಿದರೆ ಜಗಳವಾಡಿ ಬಂದವರಂತೆ ಕಾಣುತ್ತಾರೆ. ‘ದಾರಿ ಕಿರಿದು ಅಂದುಕೊಳ್ಳಿ’ ಎಂದರೆ ತಾವಾಗಿ ಹತ್ತಿರವಾಗುತ್ತಾರೆ.

ಆಮೇಲೆ ಕಲ್ಲಿನ ಗೋಡೆಯೋ ಮರವೋ ಹುಡುಕಿ. ಹುಡುಗ ಬೆನ್ನು ಆನಿಸಿದರೆ ಬಡಕಲಾಗಿ ಕಾಣುತ್ತಾನೆ, ಒಂದು ಭುಜ ಮಾತ್ರ ಆನಿಸಲಿ, ಪಾದ ಗೋಡೆಯಿಂದ ಒಂದೂವರೆ ಅಡಿ ಈಚೆಗಿರಲಿ. ಹುಡುಗಿ ಅವನ ಎದುರು ಓರೆಯಾಗಿ. ಈಗ ಕೈ ಹಿಡಿಯುವ ವಿಷಯ. ಅಂಗೈಗೆ ಅಂಗೈ ಸೇರಿಸಿ ಬಿಗಿದರೆ ಒಪ್ಪಂದಕ್ಕೆ ಸಹಿ ಹಾಕಿದಂತೆ. ಎರಡೇ ಬೆರಳಿಗೆ ಎರಡೇ ಬೆರಳು ಕೊಕ್ಕೆ ಹಾಕಿಸಿ, ತೋಳು ಸಡಿಲವಾಗಿರಲಿ. ನಾಚಿಕೆಯವರಿಗೂ ಇಷ್ಟು ಒಪ್ಪಿಗೆಯಾಗುತ್ತದೆ. ‘ಇವತ್ತು ಬೆಳಿಗ್ಗೆ ಏನು ತಿಂಡಿ ತಿಂದಿರಿ ಅಂತ ದೊಡ್ಡ ಗುಟ್ಟಿನ ಹಾಗೆ ಅವರ ಕಿವಿಯಲ್ಲಿ ಹೇಳಿ’ ಅನ್ನಿ. ‘ಉಪ್ಪಿಟ್ಟು’ ಎಂಬ ಪದವನ್ನು ಪ್ರೇಮದಿಂದ ಪಿಸುಗುಟ್ಟಿದಾಗ ಏನಾಗುತ್ತದೆ ನೋಡಿ. ಫೋಕಸ್ ಹೇಳುವವರ ಮೇಲಲ್ಲ, ಕೇಳುವವರ ಮೇಲೆ, ಅವರ ಹತ್ತಿರದ ಕಣ್ಣಿನ ಮೇಲೆ. ಚಿತ್ರ ಕೇಳುವ ಮುಖದಲ್ಲಿದೆ.

ಇಬ್ಬರೂ ಒಗ್ಗಿಕೊಂಡಿದ್ದರೆ ಕೊನೆಗೆ ಹಣೆಗೆ ಹಣೆ. ಭಾರ ಬಿಡದೆ ತಾಕಿಸಬೇಕು, ಕಣ್ಣು ಮುಚ್ಚಬೇಕು, ಗದ್ದ ತಗ್ಗಿಸಬೇಕು. ಮೂಗುಗಳ ನಡುವೆ ಎರಡು ಬೆರಳಿನ ಸಂದು ಉಳಿಯಲಿ, ಹಿಂಬದಿಯ ಬೆಳಕು ಅಲ್ಲಿಂದ ತೂರಿ ಬಂದರೆ ಇನ್ನೂ ಚೆನ್ನ. ಒಬ್ಬರು ಹಿಂಜರಿದರೂ ಅಲ್ಲಿಗೆ ಬಿಟ್ಟುಬಿಡಿ; ಒಲ್ಲದ ಭುಜ ಚಿತ್ರದಲ್ಲಿ ಗೊತ್ತಾಗುತ್ತದೆ.

ಮದುವೆಯ ದಿನ ಇದ್ಯಾವುದೂ ಬೇಡ. ಅಂತರಪಟ ಸರಿಯುವಾಗ, ಜೀರಿಗೆ ಬೆಲ್ಲ ಬೀಳುವಾಗ ಅವರ ಮುಖ ಏನು ಮಾಡಬೇಕೋ ಅದನ್ನೇ ಮಾಡುತ್ತದೆ. ನೀವು ಮೊದಲೇ ಜಾಗ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರೆ ಸಾಕು. ಫೋಟೊ ಸರಿ ಬರಲಿಲ್ಲವೆಂದು ಎರಡನೇ ಸಲ ಜೀರಿಗೆ ಬೆಲ್ಲ ಹಾಕಿಸುವವರ ಬಗ್ಗೆ ಪುರೋಹಿತರಿಗೆ ಇರುವ ಅಭಿಪ್ರಾಯವೇ ನಮಗೂ ಇದೆ.

ಪ್ರಶ್ನೆ: ಎಂಬತ್ತೆರಡರ ಅಜ್ಜಿಯ ಒಂದು ಒಳ್ಳೆಯ ಫೋಟೊ ಬೇಕು. ಕ್ಯಾಮೆರಾ ಕಂಡರೆ ಎರಡೂ ಕೈ ಮಂಡಿಯ ಮೇಲಿಟ್ಟು ಕಲ್ಲಾಗುತ್ತಾರೆ. ಕನ್ನಡಕದಲ್ಲಿ ಕಿಟಕಿ ಬೇರೆ ಹೊಳೆಯುತ್ತದೆ. — ಕುಂದಾಪುರದ ಓದುಗಿ

ಉತ್ತರ: ಅಜ್ಜಿಯ ತಪ್ಪಲ್ಲ, ಅದು ಫೋಟೊಗ್ರಫಿಯ ಹಳೇ ಪಾಠ. 1839ರಲ್ಲಿ ಫ್ರಾನ್ಸಿನ ಡಗೇರ್ ಫೋಟೊ ತೆಗೆಯುವ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಕೂತವರ ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಕವೆ ಕೊಡುತ್ತಿದ್ದರು. ಕೈ ಮಂಡಿಯ ಮೇಲೆ, ಇಲ್ಲವೇ ಮೇಜಿನ ಮೇಲೆ ಊರಿಸುತ್ತಿದ್ದುದೂ ಅಲುಗದಿರಲೆಂದೇ. ಕವೆ ಹೋಯಿತು, ಕೂರುವ ರೀತಿ ಸ್ಟುಡಿಯೊಗಳಲ್ಲಿ ಉಳಿಯಿತು. ಫೋಟೊ ಅಂದರೆ ಅಲ್ಲಾಡಬಾರದು ಎಂದೇ ಆ ತಲೆಮಾರು ಕಲಿತದ್ದು.

ಮೊದಲು ಆ ಫೋಟೊವನ್ನೇ ತೆಗೆಯಿರಿ, ಕೈ ಮಂಡಿಯ ಮೇಲಿನದ್ದು. ಅಜ್ಜಿಗೆ ಬೇಕಾದದ್ದು ಸಿಕ್ಕಿತು. ಆಮೇಲೆ ಹತ್ತಿ ಕೊಡಿ. ಜಗಲಿಯಲ್ಲಿ ಕೂತು ದೀಪಕ್ಕೆ ಬತ್ತಿ ಹೊಸೆಯುವಾಗ ಎಡ ಅಂಗೈ ಬಟ್ಟಲಾಗುತ್ತದೆ, ಬಲಗೈಯ ಬೆರಳು ಹತ್ತಿಯ ಎಳೆ ಹಿಡಿದು ತಿರುಪುತ್ತದೆ, ತುಟಿ ಒಂದಿಷ್ಟು ಮುಂದೆ ಬರುತ್ತದೆ. ಏಳೆಂಟು ಬತ್ತಿಯ ಹೊತ್ತಿಗೆ ನೀವಿರುವುದೇ ಅವರಿಗೆ ಮರೆತುಹೋಗುತ್ತದೆ. ಆಗ ‘ಅಜ್ಜಿ, ಇನ್ನೆಷ್ಟು?’ ಅಂತ ಕೇಳಿ. ಕೈ ಹಾಗೆಯೇ ಇರುತ್ತದೆ, ಮುಖ ಮಾತ್ರ ಏಳುತ್ತದೆ. ಆ ಏಳುವ ಮುಖಕ್ಕೆ ನೀವು ಮೊದಲೇ ಫೋಕಸ್ ಇಟ್ಟುಕೊಂಡಿರಬೇಕು, ಎಫ್/4ರಲ್ಲಿ. ಎಫ್/1.8ಕ್ಕೆ ಹೋದರೆ ಮುಖ ಚೂಪಾಗಿ ಕೈ ಮಬ್ಬಾಗುತ್ತದೆ. ಇಲ್ಲಿ ಎರಡೂ ಬೇಕು.

ಸೋಫಾ ಬೇಡ. ದೇಹ ಹೂತು ಮಂಡಿ ಮೇಲೆದ್ದು ಬೆನ್ನು ಗೂನಾಗುತ್ತದೆ. ಜಗಲಿ ಅಥವಾ ಮರದ ಕುರ್ಚಿಯ ಮುಂದಿನ ಅರ್ಧದಲ್ಲಿ ಕೂರಿಸಿ. ಬೀಳುವ ಭಯವಿದ್ದರೆ ಬೆನ್ನಿಗೆ ದಿಂಬು. ನೀವು ನೆಲಕ್ಕೆ ಇಳಿದು ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೋ ಇನ್ನೂ ಸ್ವಲ್ಪ ಕೆಳಕ್ಕೋ ತನ್ನಿ. ನಿಂತು ತೆಗೆದರೆ ಅಜ್ಜಿ ಸಣ್ಣವರಾಗುತ್ತಾರೆ.

ಕನ್ನಡಕ ತೆಗೆಸಬೇಡಿ, ಮೂಗಿನ ಮೇಲೆ ಅಚ್ಚು ಉಳಿಯುತ್ತದೆ, ಮುಖವೂ ಅಪರಿಚಿತವಾಗುತ್ತದೆ. ಕಡ್ಡಿಗಳನ್ನು ಕಿವಿಯಿಂದ ಒಂದೆರಡು ನೂಲು ಮೇಲೆತ್ತಿ ಕೂರಿಸಿದರೆ ಗಾಜು ನೆಲದ ಕಡೆ ಬಾಗಿ ಹೊಳಪು ಜಾರಿಹೋಗುತ್ತದೆ. ಸಾಲದಿದ್ದರೆ ಕಿಟಕಿ ಇನ್ನಷ್ಟು ಪಕ್ಕಕ್ಕೆ ಬರುವಂತೆ ಕುರ್ಚಿ ತಿರುಗಿಸಿ. ಬಿಸಿಲಿಗೆ ಕಪ್ಪಾಗುವ ಗಾಜಾಗಿದ್ದರೆ ಅಂಗಳದಿಂದ ಒಳಗೆ ಕರೆತಂದು ಕೆಲವು ನಿಮಿಷ ಕಾಯಿರಿ.

ಪ್ರಶ್ನೆ: ಮೂರು ವರ್ಷದ ಮಗ ಒಂದು ಕಡೆ ನಿಲ್ಲುವುದಿಲ್ಲ. — ಮೈಸೂರಿನ ಓದುಗರು

ಉತ್ತರ: ನಿಲ್ಲಿಸಬೇಡಿ. ನಿಲ್ಲುವಂಥ ವಸ್ತು ಕೊಡಿ: ಒಂದು ಡಬ್ಬ, ಒಳಗೆ ನಾಲ್ಕು ಗೋಲಿ, ಬಿಗಿಯಾದ ಮುಚ್ಚಳ, ತೆರೆಯಲು ಹೆಣಗುವಷ್ಟು ಹೊತ್ತು ನಿಮ್ಮದು. ಗೋಲಿ ಬಾಯಿಗೆ ಹೋಗದಂತೆ ಪಕ್ಕದಲ್ಲಿ ಒಬ್ಬರಿರಲಿ. ಹೊಟ್ಟೆಯ ಮೇಲೆ ಮಲಗಿ ಅವನ ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿಯಿರಿ, ಶಟರ್ 1/500ರ ಮೇಲೆ. ನಿಮ್ಮ ಹಿಂದೆ ನಿಂತು ಚಪ್ಪಾಳೆ ತಟ್ಟುವ ಬಂಧುಗಳನ್ನು ಒಳಗೆ ಕಾಫಿಗೆ ಕಳಿಸಿ, ಇಲ್ಲದಿದ್ದರೆ ಅವನ ನೋಟ ಲೆನ್ಸಿನ ಮೇಲಿಂದ ಹಾದುಹೋಗುತ್ತದೆ.

ಪ್ರಶ್ನೆ: ಗೃಹಪ್ರವೇಶದಲ್ಲಿ ಹದಿನಾಲ್ಕು ಜನರ ಫೋಟೊ ತೆಗೆದೆ. ಪ್ರತಿ ಚಿತ್ರದಲ್ಲೂ ಒಬ್ಬರ ಕಣ್ಣು ಮುಚ್ಚಿದೆ. ಎಲ್ಲರೂ ಶಾಲೆಯ ಪ್ರಾರ್ಥನೆಗೆ ನಿಂತ ಹಾಗಿದ್ದಾರೆ. — ಮಂಡ್ಯದ ಓದುಗರು

ಉತ್ತರ: ಕಣ್ಣಿಗೆ ಒಂದು ಲೆಕ್ಕವಿದೆ. ಆಸ್ಟ್ರೇಲಿಯಾದ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಇದನ್ನೇ ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿ ಪಡೆದರು. ಇಪ್ಪತ್ತಕ್ಕಿಂತ ಕಡಿಮೆ ಜನವಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಮಂದ ಬೆಳಕಿನಲ್ಲಿ ಎರಡರಿಂದ. ಅಷ್ಟು ಕ್ಲಿಕ್ ಮಾಡಿದರೆ ಎಲ್ಲರ ಕಣ್ಣೂ ತೆರೆದ ಒಂದು ಚಿತ್ರ ಸಿಗುವ ಸಂಭವ ಬಹಳ ಹೆಚ್ಚು. ನಿಮ್ಮ ಹದಿನಾಲ್ಕಕ್ಕೆ ಅಂಗಳದಲ್ಲಿ ಐದು, ಮನೆಯೊಳಗಿನ ಹಾಲ್‌ನಲ್ಲಿ ಏಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರೆ ಎಲ್ಲರೂ ಕಣ್ಣು ಮುಚ್ಚಲಿ, ಮೂರು ಎಣಿಸಿ, ತೆರೆದ ತಕ್ಷಣ ಕ್ಲಿಕ್.

ಪ್ರಾರ್ಥನೆಯ ಸಾಲು ಒಡೆಯಲು ಎತ್ತರ ಒಡೆಯಬೇಕು. ಹಿರಿಯರು ಕುರ್ಚಿಯಲ್ಲಿ, ಇಬ್ಬರು ಕುರ್ಚಿಯ ಕೈಯ ಮೇಲೆ, ಮಕ್ಕಳು ಮೆಟ್ಟಿಲಲ್ಲಿ, ಉಳಿದವರು ಹಿಂದೆ, ಮುಂದಿನವರ ತಲೆಗಳ ಸಂದಿನಲ್ಲಿ. ಯಾವ ಎರಡು ತಲೆಯೂ ಅಕ್ಕಪಕ್ಕದಲ್ಲಿ ಒಂದೇ ಎತ್ತರಕ್ಕೆ ಬೇಡ. ‘ಹತ್ತಿರ ಬನ್ನಿ’ ಅಂದರೆ ಯಾರೂ ಬರುವುದಿಲ್ಲ, ‘ಪಕ್ಕದವರಿಗೆ ಭುಜ ತಾಕಲಿ’ ಅಂದರೆ ಬರುತ್ತಾರೆ. ಕೊನೆಯಲ್ಲಿ ನಿಂತವರು ಒಳಮುಖವಾಗಿ ಓರೆಯಾಗಲಿ. ಹಿಂದಿನವರೂ ಚೂಪಾಗಿ ಬರಲು ಅಪರ್ಚರ್ ಎಫ್/8 ಇರಲಿ. ಮೊಬೈಲಿನ ಅಗಲ ಲೆನ್ಸಿನಲ್ಲಿ ಅಂಚಿನವರು ಅಡ್ಡಡ್ಡ ಹಿಗ್ಗುತ್ತಾರೆ, ಜಾಗವಿದ್ದರೆ ಹಿಂದೆ ಸರಿದು 35–50 ಮಿ.ಮೀ.ನಲ್ಲಿ ತೆಗೆಯಿರಿ. ಅಂಚಿಗೆ ದಪ್ಪ ಇರುವ ಚಿಕ್ಕಪ್ಪನನ್ನು ನಿಲ್ಲಿಸಿ ಆಮೇಲೆ ಬೈಸಿಕೊಳ್ಳಬೇಡಿ.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದ ಮುಖದಲ್ಲಿ ಮೂಗೇ ದೊಡ್ಡದು. ಫೋನ್ ಬದಲಿಸಬೇಕೇ? — ಕಲಬುರಗಿಯ ಓದುಗಿ

ಉತ್ತರ: ದೂರ ಬದಲಿಸಿ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂ.ಮೀ. ಅಂತರ. ಫೋನು ಮೂಗಿನಿಂದ 40 ಸೆಂ.ಮೀ. ದೂರದಲ್ಲಿದ್ದರೆ ಕಿವಿ 52ರಲ್ಲಿರುತ್ತದೆ, ಅಂದರೆ ಮೂಗು ಕಿವಿಗಿಂತ ಶೇ. 30ರಷ್ಟು ಹಿಗ್ಗಿ ಕಾಣುತ್ತದೆ. ಎರಡು ಮೀಟರ್ ಹಿಂದೆ ಸರಿದರೆ ಆ ವ್ಯತ್ಯಾಸ ಶೇ. 6ಕ್ಕೆ ಇಳಿಯುತ್ತದೆ. ಎರಡು ಮೀಟರಿನಿಂದ 2ಎಕ್ಸ್ ಅಥವಾ 3ಎಕ್ಸ್ ಒತ್ತಿ ತೆಗೆಯಿರಿ. ಕೈಯನ್ನು ಲೆನ್ಸಿನ ಕಡೆ ಚಾಚಿಸಿದರೂ ಇದೇ ಲೆಕ್ಕ, ಅಂಗೈ ಮೊರದಷ್ಟಾಗುತ್ತದೆ. ಪೋರ್ಟ್ರೇಟ್ ಮೋಡ್ ಹಾಕಿದ್ದರೆ ಬೆರಳ ಸಂದು, ಮಲ್ಲಿಗೆ ದಂಡೆಯ ಅಂಚು ಅಳಿಸಿಹೋಗಿದೆಯೇ ಎಂದು ಅಲ್ಲೇ ಹಿಗ್ಗಿಸಿ ನೋಡಿ.

ಪ್ರಶ್ನೆ: ಆಫೀಸಿನ ಪ್ರೊಫೈಲಿಗೆ ಕೈಕಟ್ಟಿ ನಿಲ್ಲುವುದು ಸರಿಯೇ? — ಬೆಂಗಳೂರಿನ ಓದುಗರು

ಉತ್ತರ: ಸರಿ, ಬಿಗಿಯಾಗಿ ಕಟ್ಟದಿದ್ದರೆ. ಎರಡೂ ಮುಷ್ಟಿ ಕಂಕುಳಲ್ಲಿ ಅಡಗಿದರೆ ಚಳಿಯಾದವರಂತೆ, ಎರಡೂ ಮುಷ್ಟಿ ಹೊರಗೆ ಬಂದು ತೋಳು ಉಬ್ಬಿಸಿದರೆ ಜಿಮ್ಮಿನ ಜಾಹೀರಾತು. ಒಂದು ಕೈಯ ಬೆರಳು ಮಾತ್ರ ಇನ್ನೊಂದು ತೋಳಿನ ಮೇಲೆ ಹಗುರವಾಗಿ ಕಾಣಲಿ, ಮೊಣಕೈ ಇಳಿದಿರಲಿ. ಭುಜ ಕ್ಯಾಮೆರಾಗೆ 30 ಡಿಗ್ರಿ ಓರೆ. ಕೂತು ತೆಗೆಸುವುದಾದರೆ ಮೇಜಿನ ಮೇಲೆ ಮುಂದೋಳು ಊರಿ ಒಂದಿಷ್ಟು ಮುಂದೆ ಬಾಗುವುದು ನಮಗೆ ಇನ್ನೂ ಇಷ್ಟ, ಮಾತು ಕೇಳುವವರಂತೆ ಕಾಣುತ್ತಾರೆ.

ಪ್ರಶ್ನೆ: ಗದ್ದ ಹಿಡಿದು ಮುಖ ತಿರುಗಿಸುವುದು, ಕೂದಲು ಸರಿ ಮಾಡುವುದು ಫೋಟೊಗ್ರಾಫರ್‌ಗೆ ಸಲ್ಲುತ್ತದೆಯೇ? — ಓದುಗಿ, ಶಿವಮೊಗ್ಗ

ಉತ್ತರ: ಇಲ್ಲ. ನಿಮ್ಮ ಅಂಗೈ ಎತ್ತಿ ಹಿಡಿದು ‘ಮೂಗು ನನ್ನ ಕೈ ಹಿಂದೆ ಬರಲಿ’ ಎಂದು ಗಾಳಿಯಲ್ಲಿ ಸರಿಸಿದರೆ ಮುಖ ಬೇಕಾದಷ್ಟೇ ತಿರುಗುತ್ತದೆ. ಕೂದಲು, ಸೆರಗಿಗೆ ಜೊತೆ ಬಂದವರಿದ್ದಾರೆ, ಕನ್ನಡಿ ಇದೆ. ತೀರಾ ಅನಿವಾರ್ಯವಾದರೆ ಕೇಳಿ, ಹೂಂ ಅನ್ನುವವರೆಗೆ ಕಾಯಿರಿ.

ಪ್ರಶ್ನೆ: ಪೋಸ್ ಚೆನ್ನಾಗಿದೆ, ಭಾವ ಚೆನ್ನಾಗಿದೆ, ಆದರೂ ಚಿತ್ರದಲ್ಲಿ ಏನೋ ಕತ್ತರಿಸಿದ ಹಾಗೆ. — ವಿಜಯಪುರದ ಓದುಗರು

ಉತ್ತರ: ನೀವು ಕಳಿಸಿದ ಮೂರೂ ಚಿತ್ರಗಳಲ್ಲಿ ಫ್ರೇಮಿನ ಕೆಳ ಅಂಚು ಸರಿಯಾಗಿ ಮಂಡಿಗೆ ಬಂದಿದೆ, ಒಂದರಲ್ಲಿ ಬೆರಳ ತುದಿಗಳೂ ಹೋಗಿವೆ. ಕೀಲಿನ ಮೇಲೆ, ಅಂದರೆ ಮಂಡಿ, ಮಣಿಕಟ್ಟು, ಮೊಣಕೈ, ಪಾದದ ಗಿಣ್ಣಿನ ಮೇಲೆ ಅಂಚು ಬಂದರೆ ಆ ಅಂಗ ಅಲ್ಲಿಗೇ ಮುಗಿದಂತೆ ಕಾಣುತ್ತದೆ. ನಡುತೊಡೆಗೆ ಏರಿಸಿ, ಇಲ್ಲವೇ ಮೀನಖಂಡದ ಮಧ್ಯಕ್ಕೆ ಇಳಿಸಿ. ಕೈ ಬಂದರೆ ಇಡೀ ಕೈ ಬರಲಿ, ಇಲ್ಲವೇ ಮೊಣಕೈಗಿಂತ ಮೇಲೆಯೇ ನಿಲ್ಲಿಸಿ. ಎರಡನೇ ಚಿತ್ರದಲ್ಲಿ ಮೇಲುಗಡೆ ಒಂದು ಗೇಣು ಖಾಲಿ ಆಕಾಶವಿದೆ. ಕ್ಯಾಮೆರಾವನ್ನು ಅಷ್ಟು ಇಳಿಸಿದ್ದರೆ ಪಾದವೂ ಬರುತ್ತಿತ್ತು.